ಹುದ್ದೆ ಕಡಿತದ ಆದೇಶ ಬರುವುದಿಲ್ಲ, ಟೆಂಡರ್ ಬರುತ್ತದೆ

ನಗರ ಸ್ಥಳೀಯ ಸಂಸ್ಥೆಗಳ ಕಾರ್ಮಿಕ ಸಂಘಗಳ ಪರವಾಗಿ ವಕಾಲತ್ತು ವಹಿಸುವ ನನ್ನಂಥವರ ಬಳಿಗೆ ‘ಇಂದಿನಿಂದ ಇಷ್ಟು ಹುದ್ದೆಗಳನ್ನು ರದ್ದುಪಡಿಸಲಾಗಿದೆ’ ಎಂಬ ಆದೇಶದ ಪ್ರತಿ ಬರುವುದು ತೀರ ಅಪರೂಪ. ಸಂಘದ ಪದಾಧಿಕಾರಿಗಳು ಹಿಡಿದು ತರುವುದು ಟೆಂಡರ್ ಪ್ರಕಟಣೆಯ ಪ್ರತಿಯನ್ನು, ಅದೂ ಹಲವು ಸಲ ಬಿಡ್ ತೆರೆದಾದ ಮೇಲೆ. ಕಾಯಂ ನೌಕರರೊಬ್ಬರು ನಿವೃತ್ತರಾಗುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ, ಭರ್ತಿಯ ಕಡತ ಆರ್ಥಿಕ ಇಲಾಖೆಯ ಸಹಮತಿಗೆಂದು ಹೋಗಿ ಅಲ್ಲಿಯೇ ಕೂರುತ್ತದೆ. ಆದರೆ ಬೀದಿಯ ಕಸ ಯಾರ ಸಹಮತಿಗೂ ಕಾಯುವುದಿಲ್ಲವಾದ್ದರಿಂದ ಅದೇ ಕೆಲಸಕ್ಕೆ ಹೊರಗುತ್ತಿಗೆಯಲ್ಲಿ ಜನರನ್ನು ಪಡೆಯಲಾಗುತ್ತದೆ. ಕೆಲವು ವರ್ಷಗಳಾದ ಮೇಲೆ ಗುತ್ತಿಗೆಯ ಮೊತ್ತವೂ ಹೆಚ್ಚಾಯಿತೆಂದು ಜನರ ಸಂಖ್ಯೆಯನ್ನು ಇಳಿಸಿ, ಒಬ್ಬೊಬ್ಬರ ಪಾಲಿನ ರಸ್ತೆಯ ಉದ್ದವನ್ನು ಹೆಚ್ಚಿಸಿ, ಕೊನೆಗೆ ದಿನವೂ ಬರುತ್ತಿದ್ದ ಆಟೋ ಟಿಪ್ಪರ್ ದಿನ ಬಿಟ್ಟು ದಿನ ಬರುವಂತಾಗುತ್ತದೆ. ಹುದ್ದೆಯ ಕಡಿತವೂ ಸೇವೆಯ ಕಡಿತವೂ ಹೀಗೆ ಬೇರೆ ಬೇರೆ ಕಡತಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ನಡೆಯುವುದರಿಂದ ಎರಡೂ ಒಂದೇ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಹಿಂದೆ ಅಧಿಕಾರಿಗಳ ದುರುದ್ದೇಶವೇ ಇದೆಯೆಂದು ನಾನು ಹೇಳುವುದಿಲ್ಲ. ಲೆಕ್ಕಪತ್ರದ ರಚನೆಯೇ ಅವರನ್ನು ಆ ಕಡೆಗೆ ತಳ್ಳುತ್ತದೆ. ಸ್ಥಳೀಯ ಸಂಸ್ಥೆಗಳಿಗೆ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ ಅನುದಾನದಲ್ಲಿ ಒಂದು ಭಾಗ ನೀರು, ನೈರ್ಮಲ್ಯದಂಥ ನಿರ್ದಿಷ್ಟ ಉದ್ದೇಶಗಳಿಗೆ ಮೀಸಲಾದದ್ದು. ಉಳಿದ ಮುಕ್ತ ಭಾಗವನ್ನೂ ವೇತನಕ್ಕೆ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಅದೇ ಕೆಲಸಗಾರನ ಕೂಲಿ ಗುತ್ತಿಗೆದಾರನ ಬಿಲ್ಲಿನ ಮೂಲಕ ಹೋದರೆ ಅದು ‘ನಿರ್ವಹಣೆ’ಯ ಲೆಕ್ಕಶೀರ್ಷಿಕೆಗೆ ಸೇರುತ್ತದೆ. ಅಲ್ಲಿ ಗುತ್ತಿಗೆದಾರನ ಕಮಿಷನ್ನೂ ಸೇರಿ ಒಟ್ಟು ಖರ್ಚು ಹೆಚ್ಚಾಗಿದ್ದರೂ ಸಿಬ್ಬಂದಿ ವೆಚ್ಚದ ಸಾಲು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಆದ್ದರಿಂದ ಕಾರ್ಮಿಕ ಸಂಘವೊಂದು ನಗರಸಭೆಯ ಆಯವ್ಯಯವನ್ನು ಓದುವಾಗ ವೇತನದ ಪುಟವನ್ನಷ್ಟೇ ನೋಡಿ ಎದ್ದುಬಿಡಬಾರದು. ಘನತ್ಯಾಜ್ಯ ನಿರ್ವಹಣೆಯ ಪುಟವನ್ನು ಅದರ ಪಕ್ಕದಲ್ಲಿಟ್ಟು, ಎರಡನ್ನೂ ಹಿಂದಿನ ಕೆಲವು ವರ್ಷಗಳೊಡನೆ ಹೋಲಿಸಬೇಕು. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಹೊರಗುತ್ತಿಗೆಯವರು ಎಷ್ಟು ಎಂಬ ಮೂರು ಅಂಕಿಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಿದರೆ 30 ದಿನಗಳಲ್ಲಿ ಕೊಡಲೇಬೇಕು. ಕರ್ನಾಟಕದಲ್ಲಿ ಇದಕ್ಕೊಂದು ಅಳತೆಗೋಲೂ ಇದೆ: ಎಪ್ಪತ್ತರ ದಶಕದ ಐಪಿಡಿ ಸಾಲಪ್ಪ ಸಮಿತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದಿತ್ತು, ಸರ್ಕಾರ ನಂತರ 700 ಜನಕ್ಕೆ ಒಬ್ಬರೆಂಬ ಪ್ರಮಾಣವನ್ನು ಅನುಸರಿಸಿತು. ಜನಗಣತಿಯೇ 2011ರ ನಂತರ ನಡೆಯದೆ ಉಳಿದದ್ದರಿಂದ ಆ ಪ್ರಮಾಣವನ್ನು ಯಾವ ಜನಸಂಖ್ಯೆಗೆ ಅನ್ವಯಿಸಲಾಗಿದೆ ಎಂದು ಕೇಳುವುದೂ ಅಗತ್ಯ. ಊರು ಬೆಳೆದಿರುತ್ತದೆ, ಲೆಕ್ಕ ಬೆಳೆದಿರುವುದಿಲ್ಲ.

ಇನ್ನು ಕಾನೂನಿನ ಮಾತು. ನಗರಸಭೆಯ ಸ್ವಚ್ಛತೆಯ ಕೆಲಸ ಕೈಗಾರಿಕಾ ವಿವಾದಗಳ ಕಾನೂನಿನ ‘ಕೈಗಾರಿಕೆ’ಯ ವ್ಯಾಖ್ಯೆಗೆ ಒಳಪಡುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 1960ರ ನಾಗಪುರ ಪಾಲಿಕೆಯ ಪ್ರಕರಣದಲ್ಲಿಯೇ ವಿಭಾಗವಾರು ಪರಿಶೀಲಿಸಿ ಹೇಳಿದೆ. ಹಾಗಾಗಿ ಕೆಲಸಗಾರರ ಸಂಖ್ಯೆಯನ್ನು ಇಳಿಸುವ ಮುನ್ನ 21 ದಿನಗಳ ಬದಲಾವಣೆ ನೋಟಿಸ್ ಕೊಡಬೇಕೆಂಬ ನಿಯಮ, ವಿವಾದವೊಂದು ಸಂಧಾನದಲ್ಲಿಯೋ ನ್ಯಾಯಾಲಯದಲ್ಲಿಯೋ ಬಾಕಿ ಇರುವಾಗ ಸೇವಾ ಷರತ್ತುಗಳನ್ನು ಕಾರ್ಮಿಕರಿಗೆ ಹಾನಿಯಾಗುವಂತೆ ಬದಲಿಸಬಾರದೆಂಬ ನಿಯಮ, ಇವೆರಡೂ ಸ್ಥಳೀಯ ಸಂಸ್ಥೆಗೂ ಅನ್ವಯಿಸುತ್ತವೆ. ಇವುಗಳ ಬೆಲೆ ಎಷ್ಟೆಂಬುದು 2025ರ ಜನವರಿಯ ಗಾಜಿಯಾಬಾದ್ ನಗರ ನಿಗಮದ ತೀರ್ಪಿನಲ್ಲಿ ಕಾಣುತ್ತದೆ. ತೋಟಗಾರಿಕೆ ವಿಭಾಗದ ಮಾಲಿಗಳು ತಮ್ಮ ಸೇವೆಯನ್ನು ಕಾಯಂಗೊಳಿಸಬೇಕೆಂದು ವಿವಾದ ಎತ್ತಿದ್ದರು. ಅದು ಬಾಕಿಯಿರುವಾಗಲೇ, 2005ರಲ್ಲಿ, ನೋಟಿಸ್ ಇಲ್ಲದೆ ಪರಿಹಾರವಿಲ್ಲದೆ ಅವರನ್ನು ಮನೆಗೆ ಕಳುಹಿಸಲಾಯಿತು. ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವಂತೆ, ಅರ್ಧದಷ್ಟು ಹಿಂಬಾಕಿ ವೇತನ ಕೊಡುವಂತೆ, ಕಾಯಂಗೊಳಿಸುವ ಪ್ರಕ್ರಿಯೆ ಆರಂಭಿಸುವಂತೆ ಆದೇಶಿಸಿತು. ಗೆದ್ದರು ನಿಜ, ಆದರೆ ನಡುವೆ ಹೋದದ್ದು ಎರಡು ದಶಕ. ವಿವಾದ ಮೊದಲೇ ದಾಖಲಾಗಿದ್ದುದೇ ಅವರ ಕೈ ಹಿಡಿಯಿತು. ಕಡಿತವಾದ ಮೇಲೆ ಎತ್ತುವ ವಿವಾದಕ್ಕೂ ಕಡಿತಕ್ಕೆ ಮುನ್ನ ಎತ್ತಿದ ವಿವಾದಕ್ಕೂ ಕಾನೂನಿನ ಕಣ್ಣಲ್ಲಿ ಅಜಗಜಾಂತರ.

ನೌಕರಿ ಕಾಯಂಗೊಳಿಸುವ ಮಾತು ಬಂದ ತಕ್ಷಣ ಎದುರು ಪಕ್ಷದ ವಕೀಲರು ಉಮಾದೇವಿ ಪ್ರಕರಣವನ್ನು ಮುಂದಿಡುತ್ತಾರೆ. ಕರ್ನಾಟಕದಿಂದಲೇ ಹೋದ, 2006ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಈ ತೀರ್ಪು ಹಿಂಬಾಗಿಲ ನೇಮಕಾತಿಯನ್ನು ತಡೆಯಲು ಬಂದದ್ದು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಬಲವಿಲ್ಲದೆ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ದುಡಿದವರನ್ನು ಕಾಯಂಗೊಳಿಸಲು ಒಂದು ಬಾರಿಯ ಕ್ರಮವಾಗಿ ಪರಿಗಣಿಸಬೇಕೆಂದೂ ಅದೇ ತೀರ್ಪು ಹೇಳಿತ್ತು. ಆ ಪ್ಯಾರಾವನ್ನು ಓದಿ ಹೇಳುವವರು ಕಡಿಮೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಗುಡಿಸುತ್ತಿದ್ದವರ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಅಸ್ತ್ರವಾಗಿ ಬಳಸುವುದನ್ನು ಸ್ಪಷ್ಟವಾಗಿಯೇ ಆಕ್ಷೇಪಿಸಿದೆ.

ಗುತ್ತಿಗೆಯವರ ಪ್ರಕರಣಗಳು ನಿಲ್ಲುವುದೂ ಬೀಳುವುದೂ ಹಾಜರಾತಿ ಪುಸ್ತಕದ ಮೇಲೆ. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಆ ಕಾರ್ಮಿಕರು ತಾವಾಗಿಯೇ ಮೂಲ ಉದ್ಯೋಗದಾತರ, ಅಂದರೆ ಗುತ್ತಿಗೆ ಕೊಟ್ಟ ಸಂಸ್ಥೆಯ, ನೌಕರರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ 2001ರ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ತೀರ್ಪು ಹೇಳಿದೆ. ಆದರೆ ಗುತ್ತಿಗೆ ಬರೀ ತೋರಿಕೆಯದೆಂದು ಕೈಗಾರಿಕಾ ನ್ಯಾಯಾಧಿಕರಣದಲ್ಲಿ ಸಾಬೀತಾದರೆ ಅವರು ಮೊದಲಿನಿಂದಲೂ ನೇರ ನೌಕರರೇ ಎಂಬ ದಾರಿಯನ್ನು ಅದು ತೆರೆದಿಟ್ಟಿದೆ. ಸಾಬೀತುಪಡಿಸುವುದು ಹೇಗೆ? ಬೆಳಗಿನ ಆರೂವರೆಗೆ ಮಸ್ಟರಿಂಗ್ ಸ್ಥಳದಲ್ಲಿ ಹೆಸರು ಕೂಗುವವರು ಯಾರು, ಇಂದು ಈ ಬೀದಿ, ನಾಳೆ ಆ ಮೋರಿ ಎಂದು ಹೇಳುವವರು ಯಾರು, ರಜೆ ಕೇಳಬೇಕಾದದ್ದು ಯಾರನ್ನು? ಪಾಟೀಸವಾಲಿನಲ್ಲಿ ಇಂಥ ಪುಸ್ತಕವೊಂದನ್ನು ಹೆಲ್ತ್ ಇನ್ಸ್‌ಪೆಕ್ಟರ್ ಮುಂದಿಟ್ಟಾಗ ಪುಟಪುಟದ ಕೆಳಗೂ ಇದ್ದದ್ದು ಅವರದೇ ಸಹಿ. ಗುತ್ತಿಗೆದಾರನ ಸಹಿ ಇರಲಿ, ಅವನ ಹೆಸರೇ ಎಲ್ಲಿಯೂ ಇರಲಿಲ್ಲ. ಟೆಂಡರ್ ಮೂರು ಬಾರಿ ಕೈಬದಲಾಗಿದ್ದರೂ ಪುಸ್ತಕದೊಳಗಿನ ಹೆಸರುಗಳು ಮಾತ್ರ ಬದಲಾಗಿರಲಿಲ್ಲ. ಆ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಮೇಸ್ತ್ರಿಯೊಬ್ಬರು ಜೋಪಾನವಾಗಿ ಇಟ್ಟಿರದಿದ್ದರೆ ಅದನ್ನು ಹಾಜರುಪಡಿಸಿ ಎಂದು ಕೇಳಲೂ ನಮಗೆ ಆಧಾರವಿರುತ್ತಿರಲಿಲ್ಲ. ಪಿಎಫ್ ಚಲನ್, ಇಎಸ್‌ಐ ಕಾರ್ಡು, ಪೊರಕೆ ಕೈಗವಸು ಕೊಟ್ಟ ರಸೀದಿ, ಇವೆಲ್ಲ ಕೆಲಸಗಾರರ ಕೈಗೆ ಬಂದ ದಿನವೇ ಸಂಘದ ಕಚೇರಿಯಲ್ಲಿ ಪ್ರತಿಯಾಗಿ ಉಳಿಯಬೇಕು. ಮುಂಬೈಯ ಕಚ್ರಾ ವಾಹತೂಕ ಶ್ರಮಿಕ ಸಂಘ ಇದನ್ನೇ ಮಾಡಿತು. ಅಲ್ಲಿ ಕಸ ಎತ್ತುವವರನ್ನು ಕಾಗದದಲ್ಲಿ ‘ಸ್ವಯಂಸೇವಕರು’ ಎಂದು ಕರೆದು ಕಾರ್ಮಿಕ ಕಾನೂನಿನಿಂದಲೇ ಹೊರಗಿಡುವ ಪ್ರಯತ್ನ ನಡೆದಿತ್ತು. 2017ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2,700 ಮಂದಿಯ ಕಾಯಂ ನೌಕರಿಯ ಹಕ್ಕನ್ನು ಸಂಘ ಉಳಿಸಿಕೊಂಡಿತು.

2025ರ ನವೆಂಬರ್ 21ರಂದು, ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಹೋರಾಟದ ನೆಲವೇ ಸ್ವಲ್ಪ ಸರಿದಿದೆ. ಔದ್ಯೋಗಿಕ ಸುರಕ್ಷತೆಯ ಸಂಹಿತೆ ‘ಪ್ರಧಾನ ಚಟುವಟಿಕೆ’ಯಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದೆನ್ನುತ್ತದೆ. ಗುಡಿಸುವುದು, ಕಸ ಸಂಗ್ರಹ, ವಿಲೇವಾರಿ ಇವು ಪ್ರಧಾನ ಚಟುವಟಿಕೆಯಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ. ಇಷ್ಟನ್ನು ಓದಿ ಹಲವು ಸಂಘಗಳು ಕೈಚೆಲ್ಲಿವೆ. ಆದರೆ ವಾಕ್ಯದ ನಡುವೆ ಒಂದು ಷರತ್ತಿದೆ: ಆ ಸಂಸ್ಥೆ ಅಂಥ ಚಟುವಟಿಕೆಗಾಗಿಯೇ ಸ್ಥಾಪಿತವಾಗಿರದಿದ್ದರೆ ಮಾತ್ರ ಈ ವಿನಾಯಿತಿ. ಸಾಫ್ಟ್‌ವೇರ್ ಕಂಪನಿಗೆ ಕಸ ಗುಡಿಸುವುದು ಪ್ರಧಾನ ಕೆಲಸವಲ್ಲ, ಸರಿ. ನಗರಸಭೆಗೆ ಅದಲ್ಲದಿದ್ದರೆ ಮತ್ತಾವುದು? ಸಂವಿಧಾನದ 12ನೇ ಅನುಸೂಚಿಯೇ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಪಟ್ಟಿಯಲ್ಲಿ ಇಟ್ಟಿದೆ. ನನ್ನ ಅಭಿಪ್ರಾಯದಲ್ಲಿ ಮುಂದಿನ ವರ್ಷಗಳ ವಾದವೆಲ್ಲ ಈ ಷರತ್ತಿನ ಸುತ್ತಲೇ ನಡೆಯಲಿದೆ. ಎದುರು ಪಕ್ಷದ ಬಲ ಇರುವುದು ಇನ್ನೊಂದು ವಿನಾಯಿತಿಯಲ್ಲಿ. ಒಂದು ಕೆಲಸ ವಾಡಿಕೆಯಾಗಿ ಗುತ್ತಿಗೆದಾರರ ಮೂಲಕವೇ ನಡೆಯುವಂಥದಾಗಿದ್ದರೆ ನಿಷೇಧವಿಲ್ಲ. ಇಪ್ಪತ್ತು ವರ್ಷ ತಪ್ಪಾಗಿ ನಡೆಸಿದ ಗುತ್ತಿಗೆಯನ್ನೇ ‘ವಾಡಿಕೆ’ಯೆಂದು ತೋರಿಸಲು ಇದು ಅವಕಾಶ ಕೊಡುತ್ತದೆ. ಆದ್ದರಿಂದ ಪ್ರತಿ ಟೆಂಡರಿಗೂ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯುವುದು ಈಗ ಬರೀ ಶಾಸ್ತ್ರವಲ್ಲ; ಆಕ್ಷೇಪಣೆಯಿಲ್ಲದೆ ನಡೆದದ್ದು ವಾಡಿಕೆಯಾಗುತ್ತದೆ.

ಮುಷ್ಕರದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. 14 ದಿನಗಳ ನೋಟಿಸ್ ಕೊಡದೆ ಕೆಲಸ ನಿಲ್ಲಿಸುವಂತಿಲ್ಲ. ನೋಟಿಸ್ ಬಂದ ಮೇಲೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದರೆ ಸಂಧಾನ ಆರಂಭವಾದಂತೆಯೇ, ಆಗ ಅದು ಮುಗಿದು ಏಳು ದಿನ ಕಳೆಯುವವರೆಗೆ ಮುಷ್ಕರ ಅಕ್ರಮ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮುಷ್ಕರವೆಂದೇ ಎಣಿಸುತ್ತದೆ. ಇಷ್ಟಾದರೂ ಬೀದಿಗಿಳಿಯದೆ ಏನೂ ಆಗದೆಂಬುದಕ್ಕೆ 2022ರ ಜುಲೈ ಸಾಕ್ಷಿ. ರಾಜ್ಯದಾದ್ಯಂತ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟ ಮೇಲೆ ಸರ್ಕಾರ ಕಾಯಮಾತಿಯ ಲಿಖಿತ ಭರವಸೆ ಕೊಟ್ಟಿತು, ಮತ್ತು 2025ರ ಮೇ 1ರಂದು ಆಗಿನ ಬಿಬಿಎಂಪಿಯ 12,692 ಮಂದಿಗೆ ನೇಮಕಾತಿ ಆದೇಶ ಸಿಕ್ಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಚೆನ್ನೈ ಪಾಲಿಕೆ ಎರಡು ವಲಯಗಳ ಸ್ವಚ್ಛತೆಯನ್ನು ಖಾಸಗಿಯವರಿಗೆ ವಹಿಸಿದ್ದರ ವಿರುದ್ಧ ಪಾಲಿಕೆಯ ಕೇಂದ್ರ ಕಚೇರಿಯಾದ ರಿಪ್ಪನ್ ಕಟ್ಟಡದ ಮುಂದೆ ಕೂತವರನ್ನು ಹೈಕೋರ್ಟ್ ಆದೇಶದ ಬೆನ್ನಲ್ಲೇ ನಡುರಾತ್ರಿ ತೆರವುಗೊಳಿಸಲಾಯಿತು. ಧೈರ್ಯದಲ್ಲಿ ಚೆನ್ನೈಯವರು ಕಡಿಮೆಯಿರಲಿಲ್ಲ. ಅಲ್ಲಿ ಗುತ್ತಿಗೆ ಆಗಲೇ ಆಗಿಹೋಗಿತ್ತು.

ಬೆಂಗಳೂರಿನ ಗೆಲುವಿನಲ್ಲಿಯೂ ಒಂದು ಕೊರೆಯಿದೆ. ಬೀದಿ ಗುಡಿಸುವವರು ಕಾಯಂ ಆದರು. ಆಟೋ ಟಿಪ್ಪರ್ ಚಾಲಕರು, ಲೋಡರ್‌ಗಳು, ಸಹಾಯಕರು ಆ ಪಟ್ಟಿಯಿಂದ ಹೊರಗುಳಿದರು. ಮುಷ್ಕರದಲ್ಲಿ ಎಲ್ಲರ ಹೆಸರಿನಲ್ಲಿ ಬೇಡಿಕೆ ಇತ್ತು, ಆದರೆ ಸಚಿವರ ಅಥವಾ ಮುಖ್ಯಮಂತ್ರಿಗಳ ಸಭೆಯ ನಡಾವಳಿ ಎಷ್ಟೇ ಒಳ್ಳೆಯ ಭಾಷೆಯಲ್ಲಿದ್ದರೂ ನ್ಯಾಯಾಲಯದಲ್ಲಿ ಅದು ಭರವಸೆಯಷ್ಟೇ. ಸಂಧಾನಾಧಿಕಾರಿಯ ಮುಂದೆ ಸಹಿಯಾದ ಒಪ್ಪಂದವಾದರೆ ಅದು ಈಗಿರುವ ಕಾರ್ಮಿಕರನ್ನೂ ಮುಂದೆ ಬರುವವರನ್ನೂ ಒಳಗೊಳ್ಳುತ್ತದೆ, ಉಲ್ಲಂಘಿಸಿದರೆ ದಂಡನೆಯೂ ಇದೆ. ಮಾತುಕತೆ ಎಲ್ಲಿಯೇ ಮುಗಿಯಲಿ, ಮರುದಿನವೇ ಅದರ ಅಂಶಗಳನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಒಯ್ದು ಸಂಧಾನ ಒಪ್ಪಂದವಾಗಿ ಬರೆಸಬೇಕು. ಅದರಲ್ಲಿ ಗುತ್ತಿಗೆದಾರನ ಜೊತೆಗೆ ಸ್ಥಳೀಯ ಸಂಸ್ಥೆಯನ್ನೂ ಕಡ್ಡಾಯವಾಗಿ ಪಕ್ಷಕಾರನನ್ನಾಗಿ ಮಾಡಬೇಕು. ‘ಪೌರಕಾರ್ಮಿಕರು’ ಎಂಬ ಒಂದೇ ಪದಕ್ಕೆ ಬಿಡದೆ ಚಾಲಕ, ಲೋಡರ್, ಸಹಾಯಕ, ಒಳಚರಂಡಿ ಕೆಲಸಗಾರ ಎಂದು ಪ್ರತಿ ವರ್ಗವನ್ನೂ ಹೆಸರಿಸಿ, ಹೆಸರುಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಬೇಕು.