ಹೊಸ ಬಾರ್‌ಗೆ ಮಾಲು ತರೋದು ಹೇಗೆ?

ಪ್ರಶ್ನೆ: ಕುಶಾಲನಗರದ ಹತ್ತಿರ ಬಾರ್ ಅಂಡ್ ರೆಸ್ಟೋರೆಂಟ್ ಶುರು ಮಾಡುತ್ತಿದ್ದೇವೆ. ಕಂಪನಿಯವರ ಹತ್ತಿರ ನೇರವಾಗಿ ಮಾತಾಡಿದರೆ ಕಡಿಮೆ ರೇಟಿಗೆ ಮಾಲು ಸಿಗುತ್ತದಾ?

ಇಲ್ಲ. ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. 2003ರಿಂದ ಕರ್ನಾಟಕದಲ್ಲಿ ವಿಸ್ಕಿ, ರಮ್, ಬಿಯರ್‌ನ ಸಗಟು ವ್ಯಾಪಾರ ಸರ್ಕಾರದ ಕೆಎಸ್‌ಬಿಸಿಎಲ್ (ಕರ್ನಾಟಕ ರಾಜ್ಯ ಪಾನೀಯ ನಿಗಮ) ಕೈಯಲ್ಲಿದೆ. ಆನ್‌ಲೈನ್‌ನಲ್ಲಿ ಇಂಡೆಂಟ್, ಅಂದರೆ ಬೇಕಾದ ಮಾಲಿನ ಪಟ್ಟಿ, ಹಾಕಿ ಅವರ ಡಿಪೋದಿಂದ ಮಾಲು ಎತ್ತಬೇಕು. ದುಡ್ಡು ಮೊದಲು, ಮಾಲು ಆಮೇಲೆ. ಕಂಪನಿಯ ಸೇಲ್ಸ್ ಹುಡುಗರು ಬರುತ್ತಾರೆ, ಒಳ್ಳೆಯ ಮಾತಾಡಿ ಕಳಿಸಿ. ಯಾವ ಬ್ರ್ಯಾಂಡ್ ಡಿಪೋಗೆ ಯಾವಾಗ ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಪುದುಚೇರಿಗೆ ಸೇರಿದ ಮಾಹೆಯಲ್ಲಿ ಅಗ್ಗ ಅಂತ ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡಿ, ಲೈಸೆನ್ಸ್ ಹೋಗುತ್ತದೆ. ಪರಿಚಯದವರ ಮನೆಯಲ್ಲಿ ಮಾಡಿದ ವೈನ್ ಎಷ್ಟೇ ಚೆನ್ನಾಗಿರಲಿ, ಕೌಂಟರಿಗೆ ತರಬೇಡಿ.

ಹಾಗಾಗಿ ಮದ್ಯದ ವಿಷಯದಲ್ಲಿ ನಿಮ್ಮ ಕೈಲಿರೋದು ದುಡ್ಡು ಮತ್ತು ದಿನ, ಅಷ್ಟೇ. ಮಡಿಕೇರಿ ದಸರಾ, ಹುತ್ತರಿ, ಡಿಸೆಂಬರ್ ರಜೆ ಬಂದರೆ ಮಾಲು ಜಾಸ್ತಿ ಓಡುತ್ತದೆ. ಬ್ಯಾಂಕ್ ರಜೆ ನೋಡಿಕೊಂಡು ನಾಲ್ಕು ದಿನ ಮೊದಲೇ ದುಡ್ಡು ಕಟ್ಟಿ. 180 ಎಂಎಲ್ ಬಾಕ್ಸ್‌ನಲ್ಲಿ 48 ಬಾಟ್ಲಿ, 650 ಎಂಎಲ್ ಬಿಯರ್ ಬಾಕ್ಸ್‌ನಲ್ಲಿ 12. ಮೊದಲ ತಿಂಗಳು ಬ್ರ್ಯಾಂಡ್ ಕಡಿಮೆ ಇಡಿ. ಓಡದ ಮಾಲಿನಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಓಡುವ ಮಾಲಿಗೆ ಕೈ ಖಾಲಿ.

ನಮ್ಮ ಊರಿನ ನಿಜವಾದ ಕಷ್ಟ ಮಳೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿದ್ದು ಇಲ್ಲಿ ಯಾರೂ ಮರೆತಿಲ್ಲ. ಜೂನ್‌ಗೆ ಮೊದಲೇ ಗೋದಾಮು ತುಂಬಿಸಿ, ಆದರೆ ನೆಲದ ಮೇಲೆ ಇಡಬೇಡಿ. ನನ್ನ ಮೊದಲ ಜುಲೈಯಲ್ಲಿ ಒಂದು ಬಿಯರ್ ಬಾಕ್ಸ್ ಎತ್ತಿದೆ. ರಟ್ಟು ತಂಡಿ ಹೀರಿ ಮೆತ್ತಗಾಗಿತ್ತು, ತಳ ಕಳಚಿತು. ಏಳು ಬಾಟ್ಲಿ ಕಾಲ ಬುಡದಲ್ಲೇ ಒಡೆದವು. ಅವತ್ತೇ ಸಂಜೆ ಮರದ ಹಲಗೆ ಹಾಕಿಸಿದೆ, ಗೋಡೆಯಿಂದ ಒಂದು ಗೇಣು ಬಿಟ್ಟು.

ಇನ್ನು ಸಂಬಂಧ ಅಂತ ಬೆಳೆಸಬೇಕಾದ್ದು ಯಾರ ಹತ್ತಿರ? ಹಂದಿ ಮಾಂಸದವರು, ಐಸ್‌ನವರು, ಸೋಡಾದವರು, ತರಕಾರಿಯವರು. ಇಲ್ಲಿ ರೇಟು ಮಾತಾಡಬಹುದು, ವಾರದ ಲೆಕ್ಕವೂ ಇಡಬಹುದು. ಪಂದಿಕರಿ ಕೇಳಿಕೊಂಡೇ ಬರುವ ಜನಕ್ಕೆ ಭಾನುವಾರ 'ಇಲ್ಲ' ಅನ್ನೋಕೆ ಆಗುತ್ತದಾ? ಒಂದು ಸೀಸನ್‌ನಲ್ಲಿ ನಮ್ಮ ಸೋಡಾದವರು ಹೇಳದೇ ಕೇಳದೇ ಎರಡು ದಿನ ಬರಲಿಲ್ಲ. ಒಬ್ಬರನ್ನೇ ನಂಬಿದ್ದೆ, ತಪ್ಪು ನನ್ನದೂ ಇತ್ತು. ಈಗ ಪ್ರತಿಯೊಂದಕ್ಕೂ ಇಬ್ಬರಿದ್ದಾರೆ. ಎರಡನೆಯವರಿಂದಲೂ ವಾರಕ್ಕೊಮ್ಮೆ ಸ್ವಲ್ಪ ತರುತ್ತೇನೆ. ಕಷ್ಟ ಬಂದಾಗ ಮಾತ್ರ ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಹೇಳಿ?

ದುಡ್ಡು ಹೇಳಿದ ದಿನಕ್ಕೆ ಕೊಡಿ. ನಮ್ಮ ಮಾಂಸದಂಗಡಿಯವರಿಗೆ ಸೋಮವಾರ ಬೆಳಿಗ್ಗೆಯೇ ಲೆಕ್ಕ ಮುಗಿಸುತ್ತೇನೆ. ಶನಿವಾರ ಏಳು ಗಂಟೆಗೆ ಅವರೇ ಫೋನ್ ಮಾಡುತ್ತಾರೆ: "ಅಣ್ಣ, ನಾಳೆಗೆ ಎಷ್ಟು ಕೆಜಿ ಎತ್ತಿಡ್ಲಿ?"