ನಟನ ಮಗ ನಟನಾದರೆ ಜನರಿಗೆ ಮುನಿಸೇಕೆ?

ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ವೈದ್ಯರ ಮಕ್ಕಳು ವೈದ್ಯರಾಗುತ್ತಾರೆ, ವಕೀಲರ ಮಕ್ಕಳು ವಕೀಲರಾಗುತ್ತಾರೆ. ಅದನ್ನು ಯಾರೂ ಸ್ವಜನಪಕ್ಷಪಾತವೆಂದು ಬಯ್ಯುವುದಿಲ್ಲ. ಸಿನಿಮಾ ತಾರೆಯರ ಮಕ್ಕಳು ತೆರೆಗೆ ಬಂದಾಗ ಮಾತ್ರ ಇಷ್ಟೊಂದು ಮುನಿಸೇಕೆ? ಅದರಲ್ಲೂ ಕೆಲವರ ಮೇಲೆ ಮುನಿಸು, ಇನ್ನು ಕೆಲವರ ಮೇಲೆ ಅಪಾರ ಪ್ರೀತಿ ಏಕೆ?"

ಹೋಲಿಕೆ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ವೈದ್ಯರ ಮಗಳಿಗೂ ಅನುಕೂಲಗಳಿವೆ: ಮನೆಯಲ್ಲೇ ಮಾರ್ಗದರ್ಶನ, ಶುಲ್ಕಕ್ಕೆ ಹಣ, ಓದು ಮುಗಿಯುವ ಹೊತ್ತಿಗೆ ಸಿದ್ಧವಾಗಿರುವ ಚಿಕಿತ್ಸಾಲಯ. ಆದರೆ ನಡುವೆ ಒಂದು ಪರೀಕ್ಷೆಯಿದೆ. ತಂದೆ ಎಷ್ಟೇ ದೊಡ್ಡ ವೈದ್ಯರಾಗಿದ್ದರೂ ಮಗಳ ಬದಲು ತಾವು ಕುಳಿತು ಅದನ್ನು ಬರೆಯಲಾರರು. ನಟನೆಗೆ ಅಂತಹ ಹೊಸ್ತಿಲಿಲ್ಲ. ನಾಯಕನಾಗಲು ಯಾರು ಅರ್ಹರು ಎಂಬುದನ್ನು ಹಣ ಹೂಡುವವರು ನಿರ್ಧರಿಸುತ್ತಾರೆ, ಮತ್ತು ಹೊರಗಿನಿಂದ ಬಂದವನ ಕೈಯಲ್ಲಿ ತನ್ನ ಪ್ರತಿಭೆಯನ್ನು ಸಾಬೀತುಪಡಿಸುವ ಅಂಕಪಟ್ಟಿ ಇರುವುದಿಲ್ಲ. ಇದಲ್ಲದೆ ವೈದ್ಯರು ಸಾವಿರಾರು ಸಂಖ್ಯೆಯಲ್ಲಿ ಬೇಕು, ನಾಯಕ ನಟರು ಬೆರಳೆಣಿಕೆಯಷ್ಟು ಸಾಕು. ಒಬ್ಬನಿಗೆ ಸಿಕ್ಕ ಜಾಗ ಇನ್ನೊಬ್ಬನಿಗೆ ತಪ್ಪಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಹಣ ಹೂಡುವವರು ರಕ್ತಸಂಬಂಧದ ಕಡೆಗೇ ವಾಲುವುದಕ್ಕೆ ಮಕ್ಕಳ ಮೇಲಿನ ಮಮತೆಯೊಂದೇ ಕಾರಣವಲ್ಲ. ಹಿಂದೆ ಬಾಂಬೆ ಟಾಕೀಸ್, ಪ್ರಭಾತ್‌ನಂತಹ ಚಿತ್ರನಿರ್ಮಾಣ ಸಂಸ್ಥೆಗಳು ನಟರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದವು. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್ 1944ರಲ್ಲಿ ದಿಲೀಪ್ ಕುಮಾರ್ ಎಂಬ ಹೆಸರಿನಲ್ಲಿ ತೆರೆಗೆ ಬರಲು ಸಾಧ್ಯವಾದದ್ದು ಬಾಂಬೆ ಟಾಕೀಸ್ ನಡೆಸುತ್ತಿದ್ದ ದೇವಿಕಾ ರಾಣಿಯವರು ಆ ಯುವಕನನ್ನು ಹಾಗೆ ಸಂಬಳಕ್ಕೆ ಸೇರಿಸಿಕೊಂಡಿದ್ದರಿಂದ. ಎರಡನೆಯ ಮಹಾಯುದ್ಧದ ನಂತರ ಆ ವ್ಯವಸ್ಥೆ ಕುಸಿದು, ಸಿನಿಮಾ ಎಂಬುದು ಬಿಡಿ ನಿರ್ಮಾಪಕರು ಬಡ್ಡಿಗೆ ಸಾಲ ತಂದು ಮಾಡುವ ಸಾಹಸವಾಯಿತು. ಭಾರತದಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ ಘೋಷಣೆಯಾದದ್ದೇ 1998ರಲ್ಲಿ. ಅಲ್ಲಿಯವರೆಗೆ ಬ್ಯಾಂಕುಗಳು ಬಹುಮಟ್ಟಿಗೆ ದೂರವೇ ಉಳಿದಿದ್ದವು. ಕಾಗದಕ್ಕಿಂತ ಪರಿಚಯವೇ ಜಾಮೀನಾಗಿದ್ದ ಇಂತಹ ವ್ಯವಹಾರದಲ್ಲಿ ತಾರೆಯ ಮಗನೆಂದರೆ ಈಗಾಗಲೇ ಜಾಹೀರಾತು ಮುಗಿದಿರುವ ಸರಕು. ಅಪ್ಪನ ಅಭಿಮಾನಿ ಸಂಘಗಳು ಮೊದಲ ದಿನದ ಪ್ರದರ್ಶನವನ್ನು ತುಂಬಿಸುತ್ತವೆ ಎಂಬ ನಂಬಿಕೆಯ ಮೇಲೆ ವಿತರಕರು ಮುಂಗಡ ಕೊಡುತ್ತಾರೆ.

ಆದರೂ ನನ್ನ ದೃಷ್ಟಿಯಲ್ಲಿ ನಿಜವಾದ ಅಸಮಾನತೆ ಇರುವುದು ಮೊದಲ ಚಿತ್ರದಲ್ಲಿ ಅಲ್ಲ, ಸೋಲಿನ ನಂತರ ಸಿಗುವ ಚಿತ್ರಗಳಲ್ಲಿ. 2000ರಲ್ಲಿ ತೆರೆಗೆ ಬಂದ ಅಭಿಷೇಕ್ ಬಚ್ಚನ್ ಅವರ ಆರಂಭದ ವರ್ಷಗಳ ಬಹುಪಾಲು ಚಿತ್ರಗಳು ಸೋತವು. ಅವರು ನೆಲೆ ಕಂಡುಕೊಂಡದ್ದು 2004ರ ಹೊತ್ತಿಗೆ. ಅಷ್ಟರಲ್ಲಿ ಅವರು ಒಳ್ಳೆಯ ನಟರಾಗಿ ಮಾಗಿದ್ದರು ಎಂಬುದೂ ನಿಜವೇ. ಆದರೆ ಹಾಗೆ ಮಾಗಲು ನಾಲ್ಕು ವರ್ಷಗಳ ಕಾಲಾವಕಾಶ ಎಷ್ಟು ಮಂದಿಗೆ ಸಿಗುತ್ತದೆ? ಹೆಸರಿಲ್ಲದ ಮನೆಯಿಂದ ಬಂದ ಹುಡುಗನೊಬ್ಬನ ಎರಡು ಚಿತ್ರ ಸೋತರೆ ಅವನ ದೂರವಾಣಿ ಕರೆಗೆ ಉತ್ತರಿಸುವವರೂ ಇರುವುದಿಲ್ಲ. ಇದಕ್ಕೆ ವಿರುದ್ಧವಾದ ಮಾತೂ ಇದೆ: ಹಿಂದಿ ತಾರೆ ರಾಜೇಂದ್ರ ಕುಮಾರ್ ಅವರ ಮಗ ಕುಮಾರ್ ಗೌರವ್ ಅವರಿಗೆ 1981ರಲ್ಲಿ ಮೊದಲ ಚಿತ್ರದಲ್ಲೇ ಭಾರೀ ಗೆಲುವು ಸಿಕ್ಕರೂ ನಾಯಕನಾಗಿ ಅವರ ಬಾಳಿಕೆ ದೀರ್ಘವಾಗಲಿಲ್ಲ. ಹೆಸರು ಬಾಗಿಲು ತೆರೆಯುತ್ತದೆ, ಕೊನೆಯವರೆಗೂ ಒಳಗೆ ಉಳಿಸುವುದಿಲ್ಲ ಎಂದು ತಾರೆಯರ ಮಕ್ಕಳು ಹೇಳುವುದರಲ್ಲಿ ಸತ್ಯವಿದೆ. ಬಾಗಿಲ ಹೊರಗೇ ಕಾದು ಸವೆದವರ ಲೆಕ್ಕ ಮಾತ್ರ ಆ ಮಾತಿನಲ್ಲಿ ಸೇರುವುದಿಲ್ಲ.

ಇನ್ನು ಪ್ರೀತಿಯ ವಿಷಯ. ಕನ್ನಡಿಗರಿಗೆ ಇದನ್ನು ಅರ್ಥಮಾಡಿಕೊಳ್ಳಲು ಪುನೀತ್ ರಾಜ್‌ಕುಮಾರ್ ಅವರಿಗಿಂತ ಹತ್ತಿರದ ಉದಾಹರಣೆ ಇಲ್ಲ. ಅವರ ಅಜ್ಜ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಕಂಪನಿ ನಾಟಕದ ಆ ಕಾಲದಲ್ಲಿ ಬಣ್ಣ ಹಚ್ಚುವುದು ಮನೆತನದ ಆಸ್ತಿಯಾಗಿರಲಿಲ್ಲ, ಹೊಟ್ಟೆಪಾಡಿನ ಕಸುಬಾಗಿತ್ತು. ರಾಜ್‌ಕುಮಾರ್ ಅವರು ರಂಗದ ಮೇಲೆಯೇ ಬೆಳೆದು 1954ರಲ್ಲಿ ಚಿತ್ರನಾಯಕರಾದರು. ಪುನೀತ್ ಅವರಿಗೆ 1985ರ ಚಿತ್ರವೊಂದಕ್ಕೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಬಂದಿತ್ತು, ನಾಯಕನಾಗಿ ಅವರು ಕಾಣಿಸಿಕೊಂಡದ್ದು 2002ರಲ್ಲಿ, ಅದೂ ಮನೆಯ ನಿರ್ಮಾಣ ಸಂಸ್ಥೆಯ ಚಿತ್ರದಲ್ಲಿಯೇ. ಅನುಕೂಲ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ಕಲಿತದ್ದನ್ನು ಜನರು ತಮ್ಮ ಕಣ್ಣಾರೆ ಕಂಡಿದ್ದರು, ತಂದೆ ಅಭಿಮಾನಿಗಳನ್ನು ದೇವರೆಂದು ಕರೆದ ವಿನಯವನ್ನು ಮಗನಲ್ಲೂ ಗುರುತಿಸಿದರು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಕರ್ನಾಟಕ ಅತ್ತದ್ದು ರಾಜ್‌ಕುಮಾರ್ ಅವರ ಮಗನಿಗಾಗಿ ಮಾತ್ರವಲ್ಲ.

ಇದಕ್ಕೆ ಪ್ರತಿಯಾಗಿ, ಅನುಕೂಲವನ್ನು ಪಡೆದವರು ಅದನ್ನು ಅಲ್ಲಗಳೆದಾಗ ಅಥವಾ ತಮಾಷೆ ಮಾಡಿದಾಗ ಜನರಿಗೆ ತಾಳ್ಮೆ ತಪ್ಪುತ್ತದೆ. 2017ರಲ್ಲಿ ನಟಿ ಕಂಗನಾ ರನೌತ್ ಅವರು ನಿರ್ಮಾಪಕ, ನಿರ್ದೇಶಕ ಕರಣ್ ಜೋಹರ್ ಅವರ ಮೇಲೆ ಅವರದೇ ಟಿವಿ ಕಾರ್ಯಕ್ರಮದಲ್ಲಿ ಸ್ವಜನಪಕ್ಷಪಾತದ ಆರೋಪ ಹೊರಿಸಿದರು. ಅದೇ ವರ್ಷ ಪ್ರಶಸ್ತಿ ಸಮಾರಂಭವೊಂದರ ವೇದಿಕೆಯಿಂದ ಆ ಆರೋಪವನ್ನು ನಗೆಚಾಟಿಕೆಗೆ ಬಳಸಿದಾಗ ಸಭಾಂಗಣದ ಹೊರಗಿದ್ದವರಿಗೆ ಅದು ಅವಮಾನವಾಗಿ ಕೇಳಿಸಿತು. 2020ರ ಜೂನ್‌ನಲ್ಲಿ, ಸಿನಿಮಾ ಮನೆತನದ ಹೊರಗಿನಿಂದ ಬಂದಿದ್ದ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲೆ ಈ ಕೋಪ ಹದ ಮೀರಿತು. ತಾರೆಯರ ಮಕ್ಕಳು ನಟಿಸಿದ್ದ ಹಿಂದಿ ಚಿತ್ರವೊಂದರ ಟ್ರೇಲರ್‌ಗೆ ಯೂಟ್ಯೂಬ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಡಿಸ್‌ಲೈಕ್ ಒತ್ತಿದರು. ಒಬ್ಬ ಯುವಕನ ಸಾವಿನ ದುಃಖವನ್ನು ಇತರ ಯುವಜನರ ಮೇಲಿನ ದ್ವೇಷವಾಗಿ ತಿರುಗಿಸಿದ್ದು ತಪ್ಪೆಂದೇ ನಾನು ತಿಳಿಯುತ್ತೇನೆ.

ಈ ಚರ್ಚೆಯಲ್ಲಿ ಯಾರೂ ಹೆಚ್ಚಾಗಿ ಗಮನಿಸದ ಸಂಗತಿಯೊಂದಿದೆ: ಈ ಪಕ್ಷಪಾತ ಬಹುಕಾಲ ಗಂಡುಮಕ್ಕಳ ಪಾಲಿನದಾಗಿತ್ತು. ಹೆಣ್ಣುಮಕ್ಕಳನ್ನು ತೆರೆಯಿಂದ ದೂರವಿಡುತ್ತಿದ್ದ ಕಪೂರ್ ಮನೆತನದಲ್ಲಿ ಕರಿಷ್ಮಾ ನಾಯಕಿಯಾದದ್ದು 1991ರಲ್ಲಿ. ರಾಜ್‌ಕುಮಾರ್ ಕುಟುಂಬದಿಂದ ಮೊಮ್ಮಗಳು ಧನ್ಯಾ ರಾಮ್‌ಕುಮಾರ್ ನಾಯಕಿಯಾದದ್ದು 2021ರಲ್ಲಿ.

ಹಾಗಾದರೆ ತಾರೆಯರ ಮಕ್ಕಳ ಚಿತ್ರಗಳನ್ನು ಬಹಿಷ್ಕರಿಸಬೇಕೇ ಎಂದು ಕೆಲವರು ಮುಂದುವರಿಸಿ ಕೇಳುತ್ತಾರೆ. ಅದರಿಂದ ಹೊರಗೆ ಕಾಯುತ್ತಿರುವವನಿಗೆ ಒಂದು ಪಾತ್ರವೂ ಸಿಗುವುದಿಲ್ಲ. ಅವನಿಗೆ ಬೇಕಾದದ್ದು ಬಹಿರಂಗವಾಗಿ ಪ್ರಕಟವಾಗುವ ಆಡಿಷನ್, ಸಣ್ಣ ಪಾತ್ರಕ್ಕೂ ಹೇಳಿದ ದಿನ ಕೈಸೇರುವ ಸಂಭಾವನೆ, ಸಹಾಯಕ ನಿರ್ದೇಶಕನಾಗಿ ದುಡಿಯುವಾಗ ಬಾಡಿಗೆ ಕಟ್ಟಿ ಊಟ ಮಾಡುವಷ್ಟು ತಿಂಗಳ ಸಂಬಳ. ತಾರೆಯ ಮಗ ನಾಲ್ಕು ವರ್ಷ ಸೋತರೂ ಮನೆಯಲ್ಲಿ ಊಟಕ್ಕೆ ಕೊರತೆಯಾಗುವುದಿಲ್ಲ. ಅಷ್ಟೇ ಕಾಲ ಕಾಯಲು ಹೊರಗಿನವನಿಗೂ ಸಾಧ್ಯವಾಗಬೇಕಾದರೆ ಈ ಮೂರು ಬೇಡಿಕೆಗಳನ್ನು ನಿರ್ಮಾಪಕರ ಮುಂದೆ ಇಡಬೇಕು, ಇಪ್ಪತ್ತರ ಹರೆಯದ ಹೊಸ ನಟಿಯೊಬ್ಬಳ ಚಿತ್ರದ ಕೆಳಗೆ ಬೈಗುಳ ಬರೆಯುವುದರಿಂದ ಅವು ಈಡೇರುವುದಿಲ್ಲ.