ಟಾರ್ಚ್ ನೀವು ಹಿಡಿಯಿರಿ, ಪಾನ ಮಕ್ಕಳ ಕೈಗೆ ಕೊಡಿ

ಕಳೆದ ಮಳೆಗಾಲದಲ್ಲಿ ಒಂದು ಕಾರು ಟೋಯಿಂಗ್ ಗಾಡಿಯ ಮೇಲೆ ಕೂತು ನಮ್ಮ ಗ್ಯಾರೇಜಿಗೆ ಬಂತು. ಮಂಗಳೂರಿನಲ್ಲಿ ಓದುವ ಹುಡುಗ, ರಜೆಗೆ ಹಾಸನಕ್ಕೆ ಬರುತ್ತಿದ್ದ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಕೊಂಡಿದೆ. ನೀರಿನಲ್ಲಿ ಥರ್ಮಾಮೀಟರ್ ಅದ್ದಿದ ಹಾಗೆ ಒಂದು ಚಿತ್ರ ಇರುತ್ತದಲ್ಲ, ಅದು. ಹೊರಗೆ ಮಳೆ, ಮಂಜು, ಹಿಂದೆ ಲಾರಿಗಳ ಸಾಲು. ಸಕಲೇಶಪುರ ಇಲ್ಲೇ ತಾನೇ ಅಂತ ಅವನು ಹಾಗೇ ಓಡಿಸಿದ್ದಾನೆ. ಮೇಲೆ ಬರುವಷ್ಟರಲ್ಲಿ ಬಾನೆಟ್ ಸಂದಿನಿಂದ ಹಬೆ ಎದ್ದಿದೆ, ಆಮೇಲೆ ಇಂಜಿನ್ನೇ ನಿಂತುಹೋಗಿದೆ.

ಬಿಚ್ಚಿ ನೋಡಿದರೆ ಕಾರಣ ತೀರಾ ಸಣ್ಣದು. ರೇಡಿಯೇಟರಿನ ಮೇಲಿನ ಹೋಸ್ ಪೈಪು ಹಳೆಯದಾಗಿ ಕ್ಲಿಪ್ಪಿನ ಹತ್ತಿರ ಸೀಳಿತ್ತು. ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಎಲ್ಲ ಸೋರಿಹೋಗಿತ್ತು. ದೀಪ ಹೊತ್ತಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿದ್ದರೆ ಕೆಲವು ನೂರು ರೂಪಾಯಿಯ ಪೈಪಿನಲ್ಲಿ ಮುಗಿಯುತ್ತಿತ್ತು. ಓಡಿಸಿದ್ದರಿಂದ ಇಂಜಿನ್ನಿನ ಮೇಲ್ಭಾಗದ ಹೆಡ್ ಬಾಗಿತ್ತು, ಅದರ ಕೆಳಗಿನ ಗ್ಯಾಸ್ಕೆಟ್ ಹೋಗಿತ್ತು. ಬಿಲ್ಲು 40,000 ರೂಪಾಯಿ ದಾಟಿತು.

"ಬಾನೆಟ್ ಯಾವತ್ತಾದ್ರೂ ತೆಗೆದು ನೋಡಿದ್ದೀಯಾ ಮರಿ?" ಅಂತ ಕೇಳಿದೆ.

"ಇಲ್ಲ ಅಂಕಲ್. ಅದೆಲ್ಲ ಅಪ್ಪ ನೋಡ್ಕೋತಾರೆ."

ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವರು ನನಗೆ ಇಪ್ಪತ್ತು ವರ್ಷದ ಪರಿಚಯ. ಮಾರುತಿ 800 ಇಟ್ಟುಕೊಂಡಿದ್ದಾಗ ಪ್ಲಗ್ ಉಜ್ಜುವುದು, ಏರ್ ಫಿಲ್ಟರ್ ಬದಲಿಸುವುದು, ಬೆಲ್ಟ್ ಬಿಗಿ ಮಾಡುವುದು ಎಲ್ಲ ಮನೆಯ ಅಂಗಳದಲ್ಲೇ ಮಾಡಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬರುತ್ತಿದ್ದದ್ದು ದೊಡ್ಡ ಕೆಲಸಕ್ಕೆ ಮಾತ್ರ. ಅಂಥವರ ಮಗನಿಗೆ ಒಂದು ಕೆಂಪು ದೀಪದ ಅರ್ಥ ಗೊತ್ತಿಲ್ಲವಲ್ಲ ಅಂತ ಬೇಜಾರಾಯಿತು. ಅವರಿಗೂ ಆಗಿತ್ತು. "ಚಿಕ್ಕವನಿದ್ದಾಗ ಅವನೂ ಜೊತೆಗೇ ಇರ್ತಿದ್ದ. ಟಾರ್ಚ್ ಹಿಡೀತಿದ್ದ" ಅಂದರು.

ಈ ಟಾರ್ಚ್ ಹಿಡಿಯುವ ಕೆಲಸ ನಮ್ಮಲ್ಲಿ ತುಂಬ ಜನ ಮಾಡಿದ್ದೇವೆ. ಅಪ್ಪ ಬಗ್ಗಿಕೊಂಡು ಏನೋ ತಿರುಗಿಸುತ್ತಿರುತ್ತಾರೆ. ಅವರ ಬೆನ್ನು, ತಲೆ ಅಡ್ಡ ಇರುತ್ತದೆ. ನಮಗೆ ಏನೂ ಕಾಣುವುದಿಲ್ಲ. "ಇಲ್ಲಿ ಹಿಡಿ, ಅಲ್ಲಲ್ಲ, ಇಲ್ಲಿ" ಅಂತ ಬೈಸಿಕೊಳ್ಳುವುದೊಂದೇ ನೆನಪು. ನನ್ನ ತಂದೆ ಲಾರಿ ಓಡಿಸುತ್ತಿದ್ದರು. ಅವರ ಜೊತೆ ನಾನೂ ಎಷ್ಟೋ ರಾತ್ರಿ ಬೆಳಕು ಹಿಡಿದಿದ್ದೇನೆ. ಆದರೆ ಹದಿಮೂರನೇ ವಯಸ್ಸಿನಲ್ಲಿ ಒಂದು ದಿನ ಅವರ ಬಲಗೈಗೆ ಪೆಟ್ಟಾಗಿ ಬ್ಯಾಂಡೇಜ್ ಇತ್ತು. ಅವತ್ತು ಬೇರೆ ದಾರಿ ಇರಲಿಲ್ಲ. ಪಾನ, ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರ್, ನನ್ನ ಕೈಗೆ ಬಂತು, ಟಾರ್ಚ್ ಅವರ ಎಡಗೈಗೆ ಹೋಯಿತು. ಎರಡು ವರ್ಷ ಬೆಳಕು ಹಿಡಿದು ಕಲಿಯದ್ದನ್ನು ಆ ಒಂದು ಗಂಟೆಯಲ್ಲಿ ಕಲಿತೆ. ನಟ್ಟು ಯಾವ ಕಡೆ ತಿರುಗಿದರೆ ಸಡಿಲ, ಎಷ್ಟು ಬಿಗಿ ಸಾಕು, ಎಲ್ಲಿ ನಿಲ್ಲಿಸದಿದ್ದರೆ ತ್ರೆಡ್ ಹೋಗುತ್ತದೆ, ಇದೆಲ್ಲ ಕೈಗೇ ಗೊತ್ತಾಗಬೇಕು. ನೋಡಿದರೆ ಬರುವುದಿಲ್ಲ.

"ಈಗಿನ ಕಾರಿನಲ್ಲಿ ಮನೇಲಿ ಮಾಡೋಕೆ ಏನಿದೆ?" ಅಂತ ತುಂಬ ಜನ ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಪಾಯಿಂಟ್ ಉಜ್ಜಿ, ಕಾರ್ಬುರೇಟರ್ ಬಿಚ್ಚಿ ಊದಿದರೆ ಗಾಡಿ ಓಡುತ್ತಿತ್ತು. 2000ದ ಸುಮಾರಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲಂತೂ ಸೆನ್ಸರ್‌ಗಳು ಇನ್ನೂ ಜಾಸ್ತಿಯಾದವು. ಆ ಕೆಲಸಕ್ಕೆ ನಮಗೂ ಸ್ಕ್ಯಾನರ್ ಬೇಕು. ಆದರೆ ಚಕ್ರಕ್ಕೆ ಇವತ್ತಿಗೂ ಗಾಳಿ ಬೇಕು. ಇಂಜಿನ್ನಿಗೆ ಆಯಿಲ್ ಬೇಕು, ಕೂಲಂಟ್ ಬೇಕು. ಬ್ಯಾಟರಿ ಇವತ್ತಿಗೂ 12 ವೋಲ್ಟಿನದೇ. ದಾರಿಯಲ್ಲಿ ಕೆಟ್ಟು ನಿಂತು ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲೇ ಯಾವುದೋ ಒಂದನ್ನು ನೋಡದೆ ಬಿಟ್ಟದ್ದರಿಂದ ಬಂದವು.

ಶುರು ಮಾಡುವುದಾದರೆ ಸ್ಟೆಪ್ನಿಯಿಂದ ಮಾಡಿ. ಭಾನುವಾರ ಬೆಳಿಗ್ಗೆ, ಅಂಗಳದಲ್ಲಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ. ಹದಿನೈದು ಹದಿನಾರು ವಯಸ್ಸಿನ ಹುಡುಗ ಹುಡುಗಿಯರಿಗೆ ಇದು ಸರಿಯಾದ ಕೆಲಸ. ಮೊದಲು ಜಾಕ್, ಪಾನ ಎಲ್ಲಿವೆ ಅಂತ ಅವರೇ ಹುಡುಕಲಿ. ಡಿಕ್ಕಿಯ ಮ್ಯಾಟ್ ಕೆಳಗೋ, ಸೀಟಿನ ಅಡಿಯಲ್ಲೋ ಇರುತ್ತವೆ. ಮನೆಯವರಿಗೇ ಗೊತ್ತಿಲ್ಲದ ಸಂದರ್ಭಗಳೂ ಇವೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಲಿ. ವರ್ಷಗಟ್ಟಲೆ ಮುಟ್ಟದ ಸ್ಟೆಪ್ನಿ ಸಾಮಾನ್ಯವಾಗಿ ಮೆತ್ತಗಾಗಿರುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಫಸ್ಟ್ ಗೇರಿನಲ್ಲಿ ಹಾಕಿ, ಆಟೊಮ್ಯಾಟಿಕ್ ಆದರೆ ಪಾರ್ಕಿಂಗಿನಲ್ಲಿ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಬೇಕು. ಇನ್ನು ಮುಖ್ಯ ಮಾತು: ಜಾಕ್ ಎತ್ತುವ ಮೊದಲು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಬೇಕು. ಹೊಸಬರು ತಪ್ಪುವುದೇ ಇಲ್ಲಿ. ಗಾಡಿ ಎತ್ತಿಬಿಟ್ಟು ಆಮೇಲೆ ನಟ್ಟಿಗೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಗಾಡಿ ಅಲ್ಲಾಡುತ್ತದೆ, ಜಾಕ್ ಜಾರಬಹುದು. ನಟ್ಟು ಜಗ್ಗದಿದ್ದರೆ ಪಾನದ ಹಿಡಿಯನ್ನು ಅಡ್ಡ ಇಟ್ಟು, ಅದರ ಕೊನೆಯನ್ನು ಕಾಲಿನಿಂದ ನಿಧಾನಕ್ಕೆ ಅದುಮಬಹುದು. ತೆಳ್ಳಗಿನ ಹುಡುಗಿಯರಿಗೂ ಇದು ಸಾಧ್ಯ. ಜಾಕ್ ಸಿಕ್ಕಸಿಕ್ಕಲ್ಲಿ ಇಡುವಂತಿಲ್ಲ. ಬಾಗಿಲ ಕೆಳಗಿನ ಅಂಚನ್ನು ಬೆರಳಲ್ಲಿ ಸವರುತ್ತಾ ಹೋದರೆ ಚಕ್ರದ ಹತ್ತಿರ ಎರಡು ಕಚ್ಚು ಸಿಗುತ್ತವೆ. ಜಾಕ್ ಕೂರಬೇಕಾದದ್ದು ಅವುಗಳ ನಡುವೆ. ಎತ್ತಿದ ಮೇಲೆ ಗಾಡಿಯ ಅಡಿಗೆ ತಲೆ, ಕೈ, ಕಾಲು ಯಾವುದೂ ಹೋಗಕೂಡದು. ಈ ಒಂದು ವಿಷಯದಲ್ಲಿ ಮಾತ್ರ ಗದರಿದರೂ ತಪ್ಪಿಲ್ಲ. ಬಿಚ್ಚಿದ ಚಕ್ರವನ್ನೇ ಗಾಡಿಯ ಅಂಚಿನ ಕೆಳಗೆ ಮಲಗಿಸಿಟ್ಟರೆ ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಹೊಸ ಚಕ್ರ ಕೂರಿಸಿ ನಟ್ಟುಗಳನ್ನು ಮೊದಲು ಕೈಬೆರಳಲ್ಲೇ ಹಿಡಿಸಬೇಕು. ಆಮೇಲೆ ಒಂದಾದ ಮೇಲೆ ಅದರ ಎದುರಿನದು, ಹೀಗೆ ಬಿಗಿ ಮಾಡುತ್ತಾ ಹೋಗಬೇಕು. ಸಾಲಾಗಿ ಬಿಗಿ ಮಾಡಿದರೆ ಚಕ್ರ ಓರೆಯಾಗಿ ಕೂರುತ್ತದೆ. ಪೂರ್ತಿ ಬಿಗಿ ಮಾಡುವುದು ಗಾಡಿ ಕೆಳಗಿಳಿಸಿದ ಮೇಲೆ. 50 ಕಿಲೋಮೀಟರ್ ಓಡಿದ ನಂತರ ಇನ್ನೊಂದು ಸಲ ನೋಡಬೇಕು. ಮೊದಲ ಸಲ ಒಂದು ಗಂಟೆ ಹಿಡಿಯಬಹುದು, ಹಿಡಿಯಲಿ. ಎರಡನೇ ಸಲಕ್ಕೆ ಇಪ್ಪತ್ತು ನಿಮಿಷಕ್ಕೆ ಬರುತ್ತದೆ.

ಕೆಲವು ಹೊಸ ಗಾಡಿಗಳಿಗೆ ಸ್ಟೆಪ್ನಿಯೇ ಇರುವುದಿಲ್ಲ. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು, ಗಾಳಿ ಕಮ್ಮಿಯಾದರೆ ಹೇಳುವ ಸೆನ್ಸರ್ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಅಂತ 2020ರಲ್ಲಿ ನಿಯಮ ಬಂತು. ಅಂಥ ಗಾಡಿ ಇದ್ದವರು ಆ ಕಿಟ್ಟನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿಸಿ. ಮೊದಲ ಸಲ ಬಿಚ್ಚುವುದು ಘಾಟಿಯ ತಿರುವಿನಲ್ಲಿ ಆಗಬಾರದು.

ಚಿಕ್ಕ ಮಕ್ಕಳಿಗೆ ಟೈರು ಓದುವುದನ್ನು ಹೇಳಿಕೊಡಿ. ಹತ್ತು ವರ್ಷದವರಿಗೂ ಇದು ಖುಷಿ. ಗಾಳಿ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದಲ್ಲಿ ಸ್ಟಿಕರ್ ಇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಟೈರಿನ ಗೀರುಗಳ ಒಳಗೆ ಸಣ್ಣ ರಬ್ಬರ್ ದಿಣ್ಣೆಗಳಿವೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿಲಿಮೀಟರ್ ಉಳಿದಿದೆ ಅಂತ. ಕಾನೂನಿನ ಪ್ರಕಾರ ಕಾರಿಗೆ ಅದೇ ಕೊನೆ. ನಮ್ಮ ಮಲೆನಾಡಿನ ಮಳೆಗೆ ಅಷ್ಟು ಸವೆಯುವ ತನಕ ಕಾಯುವುದು ಬೇಡ ಅಂತ ನನ್ನ ಅಭಿಪ್ರಾಯ.

ಇನ್ನು ಬಾನೆಟ್. ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಆಯಿಲ್ ಗೇಜನ್ನು ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ಎಳೆಯಲಿ. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಮೇಲಿನ ಗುರುತು ದಾಟಿಸಿ ಸುರಿಯುವುದೂ ತಪ್ಪೇ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಒಳಗೆ ಕೂಲಂಟ್ ಸೇರಿದೆ ಅಂತ ಅನುಮಾನ ಬರಬೇಕು. ಆ ಗಾಡಿಯನ್ನು ಸ್ಟಾರ್ಟ್ ಮಾಡದೆ ನಮಗೆ ಫೋನ್ ಮಾಡಿ.

ಕೂಲಂಟ್ ನೋಡಲು ಮುಚ್ಚಳ ತೆಗೆಯುವುದೇ ಬೇಡ. ಡಬ್ಬಿ ಅರೆಪಾರದರ್ಶಕ, ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬಾರದು. ಪ್ರೆಷರ್ ಕುಕ್ಕರ್ ಉದಾಹರಣೆ ಕೊಟ್ಟರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಒತ್ತಡ ಇರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲವಾದ ಕ್ಷಣವೇ ಉಕ್ಕಿ ಮುಖಕ್ಕೆ ಹಾರುತ್ತದೆ. ಇದರಿಂದ ಕೈ, ಮುಖ ಸುಟ್ಟುಕೊಂಡವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಇನ್ನೊಂದು ಮಾತು: ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ ನೆಕ್ಕುತ್ತದೆ. ತಕ್ಷಣ ಜಾಸ್ತಿ ನೀರು ಹಾಕಿ ತೊಳೆಸಿ.

ದೀಪಗಳ ವಿಷಯ ಸುಲಭ. ಹಳದಿ ಬಂದರೆ ಬೇಗ ತೋರಿಸು. ಓಡುವಾಗ ಕೆಂಪು ಬಂದರೆ ನಿಲ್ಲಿಸು. ಅದರಲ್ಲೂ ಆಯಿಲ್ ಡಬ್ಬಿಯ ಚಿತ್ರ ಮತ್ತು ಥರ್ಮಾಮೀಟರ್ ಚಿತ್ರ ಎರಡಕ್ಕೂ ಒಂದು ಕಿಲೋಮೀಟರ್ ಕೂಡ ಸಾಲ ಸಿಗುವುದಿಲ್ಲ. ಸುರಕ್ಷಿತ ಜಾಗ ನೋಡಿ ಇಂಜಿನ್ ಆರಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಇದೆ. ಅದು ಮಕ್ಕಳ ಫೋನಿನಲ್ಲಿ ಇರಲಿ.

ಬ್ಯಾಟರಿ ಡೌನ್ ಆದಾಗ ಇನ್ನೊಂದು ಗಾಡಿಯಿಂದ ಕೇಬಲ್ ಕೊಡುವುದನ್ನೂ ಕಲಿಸಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್‌ಗೆ, ಅದರ ಇನ್ನೊಂದು ತುದಿ ಕೆಟ್ಟ ಗಾಡಿಯ ಇಂಜಿನ್ನಿನ ಬರೀ ಲೋಹದ ಜಾಗಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಹೀಗೆ ಕಾರಣ ಹೇಳಿಕೊಟ್ಟರೆ ಮಕ್ಕಳು ಕ್ರಮ ಮರೆಯುವುದಿಲ್ಲ. ಸುಮ್ನೆ ಬಾಯಿಪಾಠ ಮಾಡಿಸಿದರೆ ಮರೆಯುತ್ತಾರೆ.

ನನಗೇ ಬರುವುದಿಲ್ಲ, ಮಕ್ಕಳಿಗೆ ಏನು ಕಲಿಸಲಿ ಅನ್ನುವವರಿಗೆ ಒಬ್ಬರ ವಿಷಯ ಹೇಳಬೇಕು. ಆಲೂರು ಕಡೆಯ ಒಬ್ಬರು ಟೀಚರ್ ಇದ್ದಾರೆ. ಸರ್ವಿಸ್‌ಗೆ ಬರುವಾಗ ಮಗಳು, ಮಗ ಇಬ್ಬರನ್ನೂ ಕರೆತರುತ್ತಾರೆ. "ಅಣ್ಣ, ಮೂರು ಜನಕ್ಕೂ ಒಟ್ಟಿಗೆ ಹೇಳಿಕೊಡಿ, ನನಗೂ ಗೊತ್ತಿಲ್ಲ" ಅಂತ ಮೊದಲ ದಿನವೇ ಅಂದರು. ಈಗ ಆ ಮಗಳು ಗಾಡಿಯ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಯಾವ ತಾರೀಕು ಎಷ್ಟು ಗಾಳಿ, ಆಯಿಲ್ ಯಾವಾಗ, ಎಷ್ಟು ಕಿಲೋಮೀಟರಿಗೆ ಅಂತ ಎಲ್ಲ ಬರೆದಿರುತ್ತಾಳೆ. ಒಂದು ಚಕ್ರದಲ್ಲಿ ಮಾತ್ರ ತಿಂಗಳಿಗೆ ನಾಲ್ಕು ಪಾಯಿಂಟ್ ಇಳಿಯುತ್ತಿದೆ ಅಂತ ಅವಳೇ ತಂದು ತೋರಿಸಿದಳು. ನೋಡಿದರೆ ಸಣ್ಣ ಮೊಳೆ ಒಂದು ಗೀರಿನ ಸಂದಿಯಲ್ಲಿ ಕೂತಿತ್ತು. ಹುಡುಗಿಯರನ್ನು ಈ ಕೆಲಸದಿಂದ ದೂರ ಇಡುವವರು ಆ ನೋಟ್‌ಬುಕ್ ಒಮ್ಮೆ ನೋಡಬೇಕು ಅನಿಸುತ್ತದೆ.

ರಿಪೇರಿ ಕಲಿಸುವುದು ಅಂದರೆ ಕೀ ಕೊಡುವುದಲ್ಲ. ಹದಿನೆಂಟು ತುಂಬದವರು ರಸ್ತೆಯಲ್ಲಿ ಕಾರು ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಂಗಳದ ಕೆಲಸ ನಡೆಯುವಾಗ ಕೀ ನಿಮ್ಮ ಜೇಬಿನಲ್ಲೇ ಇರಲಿ. ಕೆಲವು ಜಾಗಗಳಿಗೆ ನೀವೂ ಕೈ ಹಾಕಬೇಡಿ. ಬ್ರೇಕ್ ಬಿಚ್ಚುವುದು, ಏರ್‌ಬ್ಯಾಗಿನ ವೈರು, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ಲು. ಆ ಕೇಬಲ್ಲಿನಲ್ಲಿ ನೂರಾರು ವೋಲ್ಟ್ ಇರುತ್ತದೆ. ಎಲ್ಲಿ ಕೈ ಹಿಂದೆಗೆಯಬೇಕು ಅನ್ನುವುದೂ ಅಪ್ಪ ಅಮ್ಮನಿಂದಲೇ ಗೊತ್ತಾಗಬೇಕಾದದ್ದು.

ದಸರಾ ರಜೆಯಲ್ಲಿ ಮಂಗಳೂರಿನಲ್ಲಿ ಓದುವ ಆ ಹುಡುಗ ಮತ್ತೆ ಊರಿಗೆ ಬಂದಿದ್ದ. ಆಯುಧ ಪೂಜೆಯ ಹಿಂದಿನ ಸಂಜೆ, ನಾವು ಗ್ಯಾರೇಜ್ ತೊಳೆದು ಪಾನಗಳನ್ನೆಲ್ಲ ಒರೆಸಿ ಜೋಡಿಸುತ್ತಿದ್ದೆವು. ಅಪ್ಪ ಮಗ ಇಬ್ಬರೂ ಕಾರು ತೊಳೆದುಕೊಂಡು ಬಂದರು. ಸ್ಟೆಪ್ನಿ ಹಾಕುವುದನ್ನು ಇಲ್ಲೇ ಒಂದು ಸಲ ಮಾಡುತ್ತೇನೆ ಅಂದ ಹುಡುಗ. ನಟ್ಟು ಸಡಿಲ ಮಾಡಲು ಶುರು ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಅಪ್ಪ ಫೋನಿನ ಟಾರ್ಚ್ ಹಾಕಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೂರನೇ ನಟ್ಟು ಸ್ವಲ್ಪ ಗಟ್ಟಿಯಾಗಿತ್ತು. ಹುಡುಗ ತಿಣುಕುವುದನ್ನು ನೋಡಿ ಅವರ ಎಡಗೈ ಪಾನದ ಕಡೆಗೆ ತಾನಾಗಿ ಹೋಯಿತು. ನಾನು ಆ ಕೈಗೆ ಟೀ ಲೋಟ ಕೊಟ್ಟೆ.